ಎಳೆ ಕಡಿದದ್ದೆಲ್ಲಿ ಎಂದು ಕೇಳುವ ಅಜೀಜಾ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಎಳೆಬಿಸಿಲು ಮೊದಲು ಬೀಳುವುದು ಅಜೀಜಾ ಅವರ ಕನ್ನಡಕದಂಗಡಿಯ ಒಳಗೋಡೆಗೆ. ಬಾಗಿಲು ಮೂಡಣಕ್ಕಿದೆ. ಆರೂವರೆಗೆಲ್ಲ ಅವರು ಬಿಸಿಲಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ನಿಂತು, ಒಂದು ಕನ್ನಡಕವನ್ನು ಗೋಡೆಯ ಮುಂದೆ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾರೆ. ಗೋಡೆಯ ಮೇಲಿನ ಮಸುಕು ಬೆಳಕಿನ ಬಿಲ್ಲೆ ಕುಗ್ಗುತ್ತ ಕುಗ್ಗುತ್ತ ರಾಗಿಕಾಳಿನಷ್ಟಾಗುತ್ತದೆ. ಅದು ಸೂರ್ಯನ ಬಿಂಬ. ಅಲ್ಲಿಗೆ ಕೈ ನಿಲ್ಲುತ್ತದೆ. ಇನ್ನೊಂದು ಕೈ ಗಾಜಿಗೂ ಗೋಡೆಗೂ ನಡುವೆ ಶಾಲೆಯ ಮಕ್ಕಳ ಸ್ಕೇಲು ಇಡುತ್ತದೆ.

“ಇಪ್ಪತ್ತೆಂಟೂವರೆ ಸೆಂಟಿಮೀಟ್ರು,” ಎಂದು ಅವರು ಹುಬ್ಬು ಗಂಟಿಕ್ಕುತ್ತಾರೆ. “ನೂರನ್ನ ಇದರಿಂದ ಭಾಗಿಸಿದ್ರೆ ಮೂರೂವರೆ ಪವರ್ರು. ಮುನಿಶಾಮಕ್ಕನ ಕಣ್ಣಿಗೆ ಮೂರೂವರೆ! ಯಾವನ್ರೀ ಕೊಟ್ಟಿದ್ದು ಇದನ್ನ?”

ಸ್ಟೂಲಿನ ಮೇಲೆ ಕೂತ ಮುನಿಶಾಮಮ್ಮ ಸೆರಗಿನ ತುದಿ ತಿರುಚುತ್ತಾರೆ. ಮೇಲೂರಿನವರು. ಐವತ್ತೆಂಟು ದಾಟಿದೆ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಮೂವತ್ತು ವರ್ಷವಾಯಿತು. ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಕೂಡಿಸಿ ಒಂದು ನೂಲು ಮಾಡುವ ಕೈ ಅವರದು. ಆ ಕೈಗೆ ಈಗ ಎಳೆ ಸಿಗುತ್ತಿಲ್ಲ. ಸಿಕ್ಕಿದ್ದು ಕಡಿಯುತ್ತದೆ. ಘಟಕದ ಮಾಲೀಕ ಪರ್ವೇಜ್ ಒರಟನಲ್ಲ, ಆದರೆ ಹೇಳಬೇಕಾದ್ದು ಹೇಳಿದ್ದಾನೆ: ಸೋಮವಾರದ ಹೊತ್ತಿಗೆ ಸರಿಹೋಗದಿದ್ದರೆ ಬೇಸಿನ್ ಇನ್ನೊಬ್ಬಳಿಗೆ, ಮುನಿಶಾಮಮ್ಮ ಮೂಲೆಯಲ್ಲಿ ಕೂತು ಕೆಟ್ಟ ಗೂಡು ಆರಿಸುವುದು.

ಇವತ್ತು ಶುಕ್ರವಾರ.

ಕನ್ನಡಕ ಕೊಟ್ಟದ್ದು ಒಂದು ಉಚಿತ ಶಿಬಿರ. ಎಲ್ಲಿಂದಲೋ ಬಂದ ಸಂಸ್ಥೆ ಕಲ್ಯಾಣ ಮಂಟಪದಲ್ಲಿ ಒಂದು ಬೆಳಗಿನಲ್ಲಿ ನಾನೂರು ಜನರ ಕಣ್ಣು ನೋಡಿ, ಹೆಂಗಸರನ್ನೆಲ್ಲ ಕನ್ನಡಕ ಹಾಕಿಸಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೊರಟುಹೋಯಿತು. ಫೋಟೊದಲ್ಲಿ ಮುನಿಶಾಮಮ್ಮನೂ ಇದ್ದಾರೆ, ಮುಂದಿನ ಸಾಲಿನಲ್ಲಿ.

“ಒಂದು ಕಾರ್ಡ್ ಕೊಟ್ರಮ್ಮ, ಓದು ಅಂದ್ರು,” ಎನ್ನುತ್ತಾರೆ ಮುನಿಶಾಮಮ್ಮ. “ನಂಗೆ ಅಕ್ಷರ ಎಲ್ಲಿಂದ ಬರ್ಬೇಕು? ಹಿಂದೆ ನನ್ನ ಸೊಸೆ ನಿಂತವ್ಳೆ. ಬರಲ್ಲ ಅನ್ನೋಕೆ ಮಾನ ಹೋಗ್ತದೆ. ಕಾಣಲ್ಲ ಅಂದೆ. ಇನ್ನೊಂದು ಗಾಜು ಹಾಕಿದ್ರು. ಕಾಣಲ್ಲ ಅಂದೆ. ಮತ್ತೊಂದು ಹಾಕಿದ್ರು. ಏಮಿ ಚೇಸೇದಿ, ಏನ್ ಮಾಡೋದು? ಸಾಕಾಗಿ, ಆಂ ಕಾಣ್ತದೆ ಅಂದ್ಬಿಟ್ಟೆ.”

“ಇನ್ನೆರಡು ಸಲ ಕಾಣಲ್ಲ ಅಂದಿದ್ರೆ ಸೀಸೆಯ ತಳಾನೇ ಕಟ್ಟಿ ಕಳಿಸ್ತಿದ್ರು ನಿನಗೆ,” ಎಂದು ಅಜೀಜಾ ರೇಗುತ್ತಾರೆ. ಇಬ್ಬರೂ ನಗುತ್ತಾರೆ. ನಗುವಂಥದ್ದು ಏನೂ ಇಲ್ಲ ಅಲ್ಲಿ. ಅಕ್ಷರ ಬಾರದ್ದನ್ನು ಕಣ್ಣು ಕಾಣದ್ದು ಎಂದು ಬರೆದುಕೊಂಡು, ಪ್ರತಿ ಸಲವೂ ಗಾಜಿನ ದಪ್ಪ ಏರಿಸುತ್ತ ಹೋದವರು ಓದಿದವರು. ಓದಿದವರಿಗೆ ಇಷ್ಟು ಹೊಳೆಯಲಿಲ್ಲವೆಂದರೆ ಆ ಓದಿಗೆ ಏನನ್ನಬೇಕು?

ಅಜೀಜಾ ಅವರದು ಏಳನೇ ತರಗತಿಗೆ ನಿಂತ ಓದು. ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಇರುವುದು ಅಪ್ಪ ಬಷೀರ್ ಅಹಮದ್ ಅವರ ಹೆಸರು. ಹದಿಮೂರನೇ ವಯಸ್ಸಿನಲ್ಲಿ ಅಪ್ಪ ಅವರನ್ನು ಪರದೆಯ ಹಿಂದೆ ಸಾಣೆಕಲ್ಲಿನ ಮುಂದೆ ಕೂರಿಸಿದರು. ನೀರು ತೊಟ್ಟಿಕ್ಕುವ ಕಲ್ಲು ತಿರುಗುತ್ತಿದ್ದರೆ, ಗಾಜಿನ ಅಂಚನ್ನು ಅದಕ್ಕೆ ಒತ್ತಿ ಚೌಕಟ್ಟಿನ ಆಕಾರಕ್ಕೆ ಉಜ್ಜುವುದು ಕೆಲಸ. ಪರದೆಯ ಮುಂದೆ ಜನ ಬಷೀರ್ ಸಾಬರ ಕೈಗುಣವನ್ನು ಹೊಗಳುತ್ತಿದ್ದರು. ಹಿಂದೆ ಹುಡುಗಿ ಬೆರಳು ಕುಯ್ದುಕೊಂಡು ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ, ಹನ್ನೊಂದು ವರ್ಷದ ಹಿಂದೆ, ಅಜೀಜಾ ಪರದೆ ತೆಗೆದರು. ಆಗ ಮೂರು ತಿಂಗಳು ಯಾರೂ ಬರಲಿಲ್ಲ. ಹೆಂಗಸು ಕನ್ನಡಕ ಮಾಡುತ್ತಾಳೆಯೇ ಎಂದು ಕೇಳಿದವರ ಮೂಗಿನ ಮೇಲೆ ಕೂತಿದ್ದದ್ದೂ ಅಜೀಜಾ ಉಜ್ಜಿದ ಗಾಜೇ! ಈಗ ದಿನಕ್ಕೆ ಹತ್ತು ಹನ್ನೆರಡು ಜೋಡಿ ಉಜ್ಜುತ್ತಾರೆ, ಜೋಡಿಗೆ ಅರ್ಧ ಗಂಟೆ.

“ಪೊರೆ ಬಂದ ಕಣ್ಣು, ಸಕ್ಕರೆ ಕಾಯಿಲೆಯ ಕಣ್ಣು ನಾನು ಮುಟ್ಟಲ್ಲ. ಚಿಕ್ಕಬಳ್ಳಾಪುರಕ್ಕೆ ಡಾಕ್ಟ್ರತ್ರ ಹೋಗಿ ಅಂತೀನಿ,” ಎನ್ನುತ್ತಾರೆ. “ವಯಸ್ಸಿಗೆ ಹತ್ರದ್ದು ಮಂಜಾಗೋದು ಮಾತ್ರ ನನ್ನ ಕೆಲಸ.”

ಬೆಳಕು ಗಾಜಿನಲ್ಲಿ ಬಾಗುವುದೇಕೆ ಎಂದು ಕೇಳಿದರೆ ಅವರು ಪುಸ್ತಕದ ಮಾತು ಆಡುವುದಿಲ್ಲ. ಹುಳು ಗೂಡು ಕಟ್ಟಲು ಬಿಡುವ ಅಗಲದ ಬಿದಿರು ತಟ್ಟೆ, ಚಂದ್ರಿಕೆ, ಈ ಸೀಮೆಯಲ್ಲಿ ಎಲ್ಲರೂ ಹೊತ್ತವರೇ. “ಇಬ್ಬರು ಚಂದ್ರಿಕೆ ಹಿಡ್ಕೊಂಡು ಜೊತೆಜೊತೆಗೆ ಹೋಗ್ತಿರ್ತಾರೆ ಅಂದ್ಕೊಳ್ಳಿ. ಒಬ್ಬಳು ಮೊದಲು ಕೆಸರಿಗೆ ಕಾಲಿಟ್ಟು ನಿಧಾನ ಆದ್ಲು. ಇನ್ನೊಬ್ಬಳು ಅದೇ ಬಿರುಸಲ್ಲಿ ಹೋಗ್ತಾಳೆ. ಚಂದ್ರಿಕೆ ಎತ್ಲಾಗೆ ತಿರುಗ್ತದೆ? ನಿಧಾನ ಆದವಳ ಕಡೆಗೆ ತಾನೆ! ಗಾಜು ಬೆಳಕಿಗೆ ಕೆಸರಿದ್ದಂಗೆ. ಓರೆಯಾಗಿ ಬಂದ ಬೆಳಕು ತಿರುಗಿಕೊಳ್ತದೆ. ಮಧ್ಯ ದಪ್ಪ ಇರೋ ಗಾಜು ಎಲ್ಲಾ ಕಡೆಯಿಂದ್ಲೂ ತಿರುಗಿಸಿ ಒಂದು ಕಡೆ ಸೇರಿಸ್ತದೆ. ಅಲ್ಲೇ ಬಿಂಬ ಕೂತ್ಕೊಳ್ಳೋದು.”

ಗೋಡೆಯ ಮೇಲೆ ಅಳೆದ ದೂರವೇ ಎಲ್ಲವನ್ನೂ ಹೇಳುತ್ತದೆ. ದೂರದ ಸೂರ್ಯನ ಬೆಳಕನ್ನು ಇಪ್ಪತ್ತೆಂಟೂವರೆ ಸೆಂಟಿಮೀಟರಿಗೆ ಕೂಡಿಸುವ ಗಾಜು, ಅಷ್ಟೇ ದೂರದಲ್ಲಿಟ್ಟ ಎಳೆಯ ಬೆಳಕನ್ನು ಬಹು ದೂರದಿಂದ ಬಂದಂತೆ ಮಾಡಿ ಕಣ್ಣಿಗೆ ಕೊಡುತ್ತದೆ. ಮುನಿಶಾಮಮ್ಮನ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಅಂದರೆ ಈ ಕನ್ನಡಕದಲ್ಲಿ ಎಳೆ ಸ್ಪಷ್ಟವಾಗುವುದು ಮುಖದಿಂದ ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಮಾತ್ರ. ಬೇಸಿನ್ ಇರುವುದು ಅದರ ಹೆಚ್ಚುಕಡಿಮೆ ಎರಡರಷ್ಟು ದೂರದಲ್ಲಿ. ಎಳೆ ಕಾಣಬೇಕಾದರೆ ಕುದಿನೀರಿಗೆ ಮುಖ ಕೊಡಬೇಕು. ಕೊಟ್ಟರೆ ಹಬೆ ಗಾಜಿಗೆ ಕಟ್ಟಿ ಅದೂ ಕಾಣುವುದಿಲ್ಲ. ಮುನಿಶಾಮಮ್ಮನ ಕೆನ್ನೆ ಬೆಂದು ಕೆಂಪಾಗಿರುವುದು ಈ ದಾನದ ಗುರುತು.

ಹಿಂದೆ ಬಂದ ಹೆಂಗಸರ ಕನ್ನಡಕ ನೋಡಿದಾಗಲೇ ಅಜೀಜಾ ಶಿಬಿರದ ಉಸ್ತುವಾರಿ ಮೋಹನ್‌ಬಾಬುಗೆ ಫೋನ್ ಮಾಡಿದ್ದರು. ಒಂದಲ್ಲ, ನಾಲ್ಕು ಸಲ.

“ಹೊಸ ಕನ್ನಡಕ ಅಲ್ವೇನಮ್ಮಾ, ಒಗ್ಗಿಕೊಳ್ಳೋಕೆ ಟೈಮ್ ಬೇಕು,” ಎಂದರಂತೆ ಅವರು.

“ಎಷ್ಟು ಟೈಮು ಸಾರ್? ಮುಖ ಪೂರ್ತಿ ಬೇಯೋವರೆಗೂನಾ?”

“ನೀವು ಅಂಗಡಿ ಇಟ್ಟಿರೋರು. ಫ್ರೀ ಕೊಟ್ಟಿದ್ದು ನಿಮಗೆ ಹಿಡಿಸಲ್ಲ ಬಿಡಿ.”

ಶಿಬಿರದ ಕನ್ನಡಕ ಹಿಡಿದು ಇಲ್ಲಿಯವರೆಗೆ ಮೂವತ್ತೊಂದು ಹೆಂಗಸರು ಅಜೀಜಾ ಅವರ ಅಂಗಡಿಗೆ ಬಂದಿದ್ದಾರೆ. ಹತ್ತೊಂಬತ್ತು ಜನಕ್ಕೆ ಅಕ್ಷರ ಬಾರದು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಹೆಚ್ಚಿನ ಪವರ್ರು. ಇದನ್ನು ಲೆಕ್ಕ ಹಾಕಬೇಕಾದವರು ಯಾರು, ಹಾಕಿದವರು ಯಾರು? ಮುಂದಿನ ತಿಂಗಳು ಅದೇ ಸಂಸ್ಥೆಯ ಶಿಬಿರ ಚಿಂತಾಮಣಿಯಲ್ಲಿ. ಅದೇ ಅಕ್ಷರದ ಕಾರ್ಡು.

ಅಜೀಜಾ ಅವರ ಕಾರ್ಡು ಬೇರೆ. ಕಪ್ಪು ರಟ್ಟಿನ ಮೇಲೆ ಅವರೇ ರೇಷ್ಮೆ ಅಂಟಿಸಿದ್ದಾರೆ. ಮೇಲಿನ ಸಾಲಿನಲ್ಲಿ ಎಂಟು ಎಳೆಯ ನೂಲು, ನಡುವೆ ನಾಲ್ಕು ಎಳೆಯದು, ಕೆಳಗೆ ಒಂದೇ ಗೂಡಿನ ಒಂಟಿ ಎಳೆ. ಒಂದೊಂದು ಸಾಲಿನಲ್ಲೂ ಒಂದೊಂದು ಕಡೆ ಸಣ್ಣ ಕಡಿತ. ರಟ್ಟು ತೋರಿಸುವ ಮೊದಲು ಅವರು ಮುನಿಶಾಮಮ್ಮನಿಗೆ ಹೇಳುತ್ತಾರೆ: “ಅಕ್ಕಾ, ಇದು ಬೇಸಿನ್ ಅಂದ್ಕೋ. ಎಳೆ ಹಿಡಿಯೋಕೆ ಕೈ ಹಾಕು.” ಕೈ ತನ್ನಷ್ಟಕ್ಕೆ ಹೋಗಿ ಗಾಳಿಯಲ್ಲಿ ನಿಲ್ಲುತ್ತದೆ. ಕಣ್ಣಿನಿಂದ ಬೆರಳ ತುದಿಗೆ ದರ್ಜಿಯ ಟೇಪು ಹಿಡಿದರೆ ಸರಿಯಾಗಿ ಐವತ್ತು ಸೆಂಟಿಮೀಟರು. ನೂರನ್ನು ಐವತ್ತರಿಂದ ಭಾಗಿಸಿದರೆ ಎರಡು.

ಎರಡರ ಗಾಜು ಪರೀಕ್ಷೆಯ ಚೌಕಟ್ಟಿಗೆ ಸೇರುತ್ತದೆ. ರಟ್ಟು ಐವತ್ತರ ದೂರದಲ್ಲಿ ನಿಲ್ಲುತ್ತದೆ.

“ಎಲ್ಲಿ ಕಡಿದಿದೆ?”

ಮುನಿಶಾಮಮ್ಮ ಮೇಲಿನ ಸಾಲು ಮುಟ್ಟುತ್ತಾರೆ, ನಡುವಿನದನ್ನೂ. ಕೆಳಗಿನ ಸಾಲಿಗೆ ಬಂದಾಗ ಬೆರಳನ್ನು ಬಲತುದಿಗೆ ಒಯ್ದು ಇಡುತ್ತಾರೆ. “ಇಲ್ಲಿ ಕಣಮ್ಮ. ಗಂಟು ಹಾಕ್ಲಾ?”

ಅಜೀಜಾ ಸಾಣೆಕಲ್ಲಿನತ್ತ ತಿರುಗುತ್ತಾರೆ. ಹತ್ತು ಗಂಟೆಯ ಬಸ್ಸಿಗೆ ಮುನಿಶಾಮಮ್ಮ ಹೊಸ ಗಾಜಿನೊಂದಿಗೆ ಹೊರಡುತ್ತಾರೆ. ಚೌಕಟ್ಟು ದಾನದ್ದೇ.

ಸೋಮವಾರ ಬೆಳಿಗ್ಗೆ ಬೇಸಿನ್ ಮುಂದೆ ಅವರ ಬೆನ್ನು ನೆಟ್ಟಗಿದೆ. ಹಬೆ ಮುಖಕ್ಕೆ ತಾಗದೆ ಮೇಲೇರುತ್ತದೆ. ಪರ್ವೇಜ್ ಹಿಂದೆ ನಿಂತು ಒಂದು ಗಳಿಗೆ ನೋಡಿ, “ಗೂಡು ಆರಿಸೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ ಬಿಡಮ್ಮ,” ಎಂದು ನಡೆಯುತ್ತಾನೆ. ಮುನಿಶಾಮಮ್ಮ ತಿರುಗಿ ನೋಡುವುದಿಲ್ಲ. ಕೈಯಲ್ಲಿ ಎಳೆ ಇದೆ.

ಈ ಸುದ್ದಿಗೆ ಅಜೀಜಾ ಹಿಗ್ಗುವುದಿಲ್ಲ. ಅವರ ಮನಸ್ಸು ಚಿಂತಾಮಣಿಯಲ್ಲಿದೆ. ಇನ್ನೊಂದು ರಟ್ಟು ಮಾಡಿ, ಸಂಸ್ಥೆಯವರಿಗೆ ಕಳಿಸಲು ಹಾಳೆಯಲ್ಲಿ ಸುತ್ತಿ ಇಟ್ಟಿದ್ದಾರೆ. “ಶಿಬಿರಕ್ಕೆ ನನ್ನ ಕರೀಬೇಡಿ, ನನ್ನ ಹೆಸ್ರೂ ಬೇಡ. ಅಕ್ಷರದ ಕಾರ್ಡಿನ ಪಕ್ಕ ಇದನ್ನೊಂದು ಮೊಳೆಗೆ ತಗಲಿಸಿ ಅಂತೀನಿ. ಅಷ್ಟು ಮಾಡೋಕೂ ಏನು ಕಷ್ಟ ಅವರಿಗೆ?”

ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ಮೂವತ್ತೆರಡನೆಯವರು. ಕೈಯಲ್ಲಿ ಅದೇ ಶಿಬಿರದ ಕನ್ನಡಕ. ಹೊಸಿಲು ದಾಟುವ ಮೊದಲೇ ತಲೆ ತಗ್ಗಿಸಿ, “ನಂಗೆ ಓದೋಕೆ ಬರಲ್ಲಮ್ಮ,” ಎನ್ನುತ್ತಾರೆ.

“ನಾನು ಕೇಳಿದ್ನಾ?” ಎಂದು ಅಜೀಜಾ ಸ್ಟೂಲು ಎಳೆದು ಕೊಡುತ್ತಾರೆ. “ಎಳೆ ಎಲ್ಲಿ ಕಡಿದಿದೆ, ಅದನ್ನ ತೋರ್ಸು ಬಾ.”