ಗಾಳಿ ಬಂತೆಂದು ನಿಂತ ಗಿರಣಿ

ಗೆಳೆಯರೇ, ಇವತ್ತು ಮಗಳ ಕ್ಲಾಸಿನ ಮಕ್ಕಳ ಜೊತೆ ಪೇರೆಂಟ್ ಹೆಲ್ಪರ್ ಆಗಿ, ಆಕ್ಲೆಂಡಿನ ಹೊರಗೆ ದುರಸ್ತಿಯಾದ ಹಳೇ ಗಾಳಿಗಿರಣಿಯೊಂದನ್ನು ನೋಡಲು ಹೋಗಿದ್ದೆ. ಗಿರಣಿಗೆ ಬರಿಗೈಲಿ ಹೋಗುವ ಅಭ್ಯಾಸ ಹುಬ್ಬಳ್ಳಿಯವರಿಗಿಲ್ಲ. ಬೀಸಿಸಿಕೊಂಡು ಬರೋಣವೆಂದು ಎರಡು ಕಿಲೋ ಜೋಳ ಡಬ್ಬಿಗೆ ತುಂಬಿಕೊಂಡಿದ್ದೆ.

ಬಸ್ಸಿಳಿದರೆ ಮಕ್ಕಳ ಟೋಪಿ ಹಾರಿಹೋಗುವಷ್ಟು ಗಾಳಿ. ಗಿರಣಿಯ ರೆಕ್ಕೆಗಳನ್ನು ಮಾತ್ರ ಸರಪಳಿಯಿಂದ ಕಟ್ಟಿಹಾಕಿದ್ದರು.

"ಸಾರಿ, ಇವತ್ತು ಗಾಳಿ ಜಾಸ್ತಿ. ಸೇಫ್ಟಿ ರೂಲ್ಸ್," ಎಂದರು ಗೈಡ್ ಅಜ್ಜ.

ನಿನ್ನೆ ತಿರುಗಿತ್ತೇ ಎಂದು ಕೇಳಿದೆ.

"ಇಲ್ಲ, ನಿನ್ನೆ ಗಾಳಿಯೇ ಇರಲಿಲ್ಲ."

ಆಮೇಲೆ ಮಕ್ಕಳನ್ನು ಗಿರಣಿಯೊಳಗೇ ಕೂರಿಸಿ, ಗಿರಣಿ ತಿರುಗುವ ವಿಡಿಯೋ ತೋರಿಸಿದರು. ಮಗಳು ನನ್ನ ಡಬ್ಬಿ ನೋಡಿ, "ಅಮ್ಮಾ, ಪ್ಲೀಸ್ ಹೈಡ್ ದಟ್," ಎಂದಳು.

ಹುಬ್ಬಳ್ಳಿಯಲ್ಲಿ ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು. ಇಲ್ಲಿ ಗಾಳಿ ಬಂದರೆ ಗಾಳಿಗಿರಣಿ ನಿಲ್ಲುತ್ತದೆ. ಮುಂದುವರಿದ ದೇಶ ಅಂದರೆ ಸುಮ್ಮನೇನಾ!