ತೊಂಬತ್ತು ಮೈಲಿ ದೂರದ ಪೆಟ್ಟಿಗೆ

ಕೋರಿ ಟೋಲೆಫ್ಸನ್‌ಗೆ ಕುಳಿತಲ್ಲಿ ಕುಳಿತಿರಲು ಬರುತ್ತಿರಲಿಲ್ಲ. ಕಚೇರಿಗಳಿಗೆ ಫೋನ್ ಜೋಡಿಸಿಕೊಡುವ ಮಿನೆಸೋಟದ ಆ ಅಂಗಡಿಗೆ ಸೇರಿ ಐದು ತಿಂಗಳಾದರೂ ಅವನು ಕುರ್ಚಿಗಿಂತ ಕಿಟಕಿಯ ಬಳಿಯೇ ಹೆಚ್ಚು ಸಿಗುತ್ತಿದ್ದ. ತನ್ನ ಬುದ್ಧಿಯ ಮೇಲೆ ಅಪಾರ ನಂಬಿಕೆ. ಆ ನಂಬಿಕೆಗೆ ಆಧಾರವೊಂದು ಇನ್ನೂ ಸಿಕ್ಕಿರಲಿಲ್ಲ, ಅಷ್ಟೇ.

ಅದು ೧೯೯೬ರ ಜನವರಿ. ಯಜಮಾನ ಮಿಲ್ಟ್ ಮುಚ್ಚುಮರೆಯಿಲ್ಲದೆ ಹೇಳಿದ್ದ: ಚಳಿಗಾಲದಲ್ಲಿ ಇಬ್ಬರಿಗಾಗುವಷ್ಟು ಕೆಲಸವಿಲ್ಲ. ವ್ಯಾನ್ ಹೊರಗೆ ತೆಗೆಯದೆ, ಅಂಗಡಿಯಿಂದಲೇ ಗಿರಾಕಿಗಳ ಫೋನ್ ವ್ಯವಸ್ಥೆ ಸರಿಮಾಡಿ ತೋರಿಸಿದರೆ ಕೋರಿ ಉಳಿಯುತ್ತಾನೆ. ಇಲ್ಲದಿದ್ದರೆ ಶುಕ್ರವಾರವೇ ಕೊನೆ. ಅದಕ್ಕೆಂದೇ ಅವನು ಹೋದ ವಾರ ತೊಂಬತ್ತು ಮೈಲಿ ದೂರದ ಗ್ಯಾಸ್ ಡೀಲರನ ಕಚೇರಿಯಲ್ಲಿ ಕರೆಗಳನ್ನು ಮೇಜುಗಳಿಗೆ ಹಂಚುವ ಎಕ್ಸ್‌ಚೇಂಜ್ ಪೆಟ್ಟಿಗೆಗೆ ಮೋಡೆಮ್ ಜೋಡಿಸಿ ಬಂದಿದ್ದ. ಇಲ್ಲಿಂದ ನಂಬರ್ ಒತ್ತಿದರೆ ಸಾಕು, ಪೆಟ್ಟಿಗೆಯೊಳಗಿನ ಏರ್ಪಾಡೆಲ್ಲ ಲ್ಯಾಪ್‌ಟಾಪಿನ ತೆರೆಗೆ ಬರುತ್ತಿತ್ತು.

ಅಲ್ಲಿ ಫೋನ್ ಎತ್ತುವವಳು ಆರ್ಡಿಸ್, ಅರವತ್ತು ದಾಟಿದ ಹೆಂಗಸು. ಹಿಂದಿನ ಕೋಣೆಗೆ ಹೊರಗಿನ ಕಂಬದಿಂದ, ಪೆಟ್ಟಿಗೆಯನ್ನು ಮುಟ್ಟದೆ, ನೇರ ಬಂದ ಹಳೆಯ ಅಲಾರಂ ಫೋನ್ ಲೈನ್ ಸುಮ್ಮನೆ ಬಿದ್ದಿದೆ, ಇನ್ನೂ ಜೀವವಿದೆ, ಮೋಡೆಮನ್ನು ಅದಕ್ಕೇ ಹಾಕಬಾರದೇ ಎಂದು ಅವಳು ಕೇಳಿದ್ದಳು. ಹಾಕಬೇಕೆಂದರೆ ಕೋರಿ ಛಾವಣಿಯ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತ ತಂತಿ ಎಳೆಯಬೇಕಿತ್ತು. ಅಷ್ಟೆಲ್ಲ ಬೇಕಿಲ್ಲವೆಂದು ನಕ್ಕು, ಮೋಡೆಮನ್ನು ಅದೇ ಪೆಟ್ಟಿಗೆಯ ಒಂದು ಎಕ್ಸ್‌ಟೆನ್ಶನ್‌ಗೆ ಸಿಕ್ಕಿಸಿದ. ಆ ಸೋಮಾರಿತನಕ್ಕೆ ಅವನು ಇಟ್ಟ ಹೆಸರು ಜಾಣತನ.

ಸೋಮವಾರ ಬೆಳಿಗ್ಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಮನೆ ಬೆಚ್ಚಗಿಡಲು ಗ್ಯಾಸ್ ಬೇಕೆಂಬ ಕರೆಗಳು ಆರ್ಡಿಸ್‌ಳ ಮೇಜಿನಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಅವು ಇನ್ನೊಂದು ಮೇಜಿಗೂ ಹೋಗಬೇಕಿತ್ತು. ಕೋರಿ ಇಲ್ಲಿಂದಲೇ ಬದಲಾವಣೆ ಮಾಡಿದ. ಅಷ್ಟಕ್ಕೇ ಬಿಡದೆ, ಎಲ್ಲ ಗಟ್ಟಿಯಾಗಲೆಂದು ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹೊತ್ತಿಸುವ ಆಜ್ಞೆಯನ್ನೂ ಕೊಟ್ಟ. ಪೆಟ್ಟಿಗೆ ಆರಿತು. ಮತ್ತೆ ಏಳಲಿಲ್ಲ. ಅದನ್ನೇ ನಂಬಿದ್ದ ಮೋಡೆಮೂ ಅದರ ಜೊತೆ ಹೋಯಿತು. ಕಚೇರಿಯ ನಂಬರಿಗೆ ಆರು ಸಲ ಮಾಡಿದ, ಯಾರೂ ಎತ್ತಲಿಲ್ಲ. ಊರಿಗೊಬ್ಬನೇ ಗ್ಯಾಸ್ ಡೀಲರ್, ಆ ಚಳಿಯಲ್ಲಿ ಮೂಕ.

ಕೊನೆಗೆ ಅವನು ಡೈರೆಕ್ಟರಿಯಲ್ಲಿ ಹುಡುಕಿ, ಆ ಕಚೇರಿಯ ಎದುರಿನ ಕೆಫೆಗೆ ಫೋನ್ ಮಾಡಿದ. ಎತ್ತಿದವಳು ಅಲ್ಲಿ ಊಟ ಬಡಿಸುವ ಜೂನೆಲ್. ಆರ್ಡಿಸ್‌ಗೊಂದು ಮಾತು ತಲುಪಿಸಬೇಕೆಂದ.

"ಅವಳಿಗೇ ಫೋನ್ ಮಾಡಪ್ಪ."

"ಅಲ್ಲಿನ ಫೋನ್ ಸತ್ತಿದೆ."

"ಯಾರು ಸಾಯಿಸಿದ್ದು?"

"ನಾನೇ."

"ತಡಿ, ಕೋಟ್ ಹಾಕ್ಕೊಂಡು ಹೋಗ್ಬರ್ತೀನಿ."

ತಲುಪಿಸಬೇಕಾದ ಮಾತು ಇಷ್ಟೇ: ಪೆಟ್ಟಿಗೆಯ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಬೇಕು, ಅದರ ದೀಪದ ಬಣ್ಣ ಹೇಳಬೇಕು. ಜೂನೆಲ್ ಒಮ್ಮೆ ರಸ್ತೆ ದಾಟಿ ಹೇಳಿಬಂದಳು. ಎರಡನೆಯ ಸಲ ದಾಟಲು ಒಪ್ಪಲಿಲ್ಲ. ಆರ್ಡಿಸ್ ಕ್ಯಾಲೆಂಡರಿನ ಹಾಳೆ ಹರಿದು, ಹಿಂದೆ ಬರೆದು ಕಿಟಕಿಗೆ ಹಿಡಿಯುವುದು, ಜೂನೆಲ್ ಈಚೆಯಿಂದ ನೋಡಿ ಫೋನಿನಲ್ಲಿ ಓದುವುದು ಎಂದಾಯಿತು. ಮೊದಲು ಕೆಂಪು, ಅಂದರೆ ಪೆಟ್ಟಿಗೆ ಇನ್ನೂ ಎದ್ದಿಲ್ಲ. ಕೋರಿ ಫೋನಿನ ತಂತಿ ಎಳೆದುಕೊಂಡು ಮೇಜು ಸುತ್ತತೊಡಗಿದ.

"ಈಗ ಹಸಿರು ಅಂತ ಬರೆದಿದ್ದಾಳೆ. ಕೆಳಗೆ ಇನ್ನೊಂದು ಸಾಲಿದೆ. ಓದ್ಲಾ?"

"ಬೇಡ."

"'ನಾನು ಹೇಳಿರಲಿಲ್ವಾ' ಅಂತ."

ಅವನು ಮತ್ತೆ ಮೋಡೆಮ್ ಮೂಲಕ ಒಳಹೊಕ್ಕು, ಅಳಿಸಿಹೋಗಿದ್ದ ಬದಲಾವಣೆಯನ್ನಷ್ಟೇ ಮಾಡಿ ಕೈ ತೆಗೆದ. ಎರಡೂ ಮೇಜಿನ ಫೋನುಗಳು ರಿಂಗಾದವು. ಆಗ ಮಿಲ್ಟ್ ಒಳಗೆ ಬಂದ. ಕೆಲಸ ಆಯಿತೇ ಎಂದ, ಆಯಿತು. ವ್ಯಾನ್ ಇಲ್ಲದೆಯೇ? ಇಲ್ಲದೆಯೇ. ಮಿಲ್ಟ್‌ನ ಮುಖ ಅರಳಿತು. ಇಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಕೋರಿಯ ಕೆಲಸ ಉಳಿಯುತ್ತಿತ್ತು. ಅವನು ಕಿಟಕಿಗೆ ಹೋದ, ವಾಪಸು ಬಂದ, ಮತ್ತೆ ಹೋದ. ಇನ್ನೊಂದು ಸಲ ಹೀಗೇ ಆಗಿ, ಅವತ್ತು ಕೆಫೆಗೂ ರಜೆಯಿದ್ದರೆ? ನಡೆದದ್ದನ್ನೆಲ್ಲ ಹೇಳಿಬಿಟ್ಟ.

"ಕೀ ಕೊಡಿ. ಮೋಡೆಮನ್ನ ಆ ಹಳೇ ಲೈನಿಗೆ ಹಾಕಿ ಬರ್ತೀನಿ."

"ವ್ಯಾನ್ ತೆಗೆದ್ರೆ ಏನು ಅಂತ ನೆನಪಿದೆ ತಾನೆ?"

"ಇದೆ."

ಮಿಲ್ಟ್ ಜೇಬಿನಿಂದ ಕೀ ತೆಗೆದ. "ಇನ್ನೆಲ್ಲೆಲ್ಲಿ ಹೀಗೇ ಸಿಕ್ಕಿಸಿದ್ದೀಯಾ?"

"ಎರಡು ಕಡೆ."

"ಅವನ್ನ ಮುಂದಿನ ವಾರ ಮಾಡು," ಎಂದು ಕೀ ಎಸೆದ.

ಶುಕ್ರವಾರದ ಆಚೆಗೂ ವಾರಗಳಿವೆ ಎಂಬುದು ಕೋರಿಯ ತಲೆಗೆ ಹೊಳೆಯುವಷ್ಟರಲ್ಲಿ, ವ್ಯಾನಿನ ಇಂಜಿನ್ ಬಿಸಿಯಾಗುವುದಕ್ಕೂ ಕಾಯದೆ, ಅವನು ಊರು ದಾಟಿದ್ದ.