ಪಟ್ಟಾಭಿಷೇಕ ನೋಡಲು ಹಾಕಿದ ಬೀಗ

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಈವರೆಗೆ ನಾನು ಬರೆದದ್ದು ಮೇಲಧಿಕಾರಿಗಳಿಗೆ ಸಲ್ಲಿಸಿದ ವರದಿಗಳು ಮತ್ತು ಮನವಿಗಳು ಮಾತ್ರ. ನನ್ನ ಸ್ವಂತ ಸಂತೋಷದ ಕುರಿತು ಬರೆಯುತ್ತಿರುವುದು ಇದೇ ಮೊದಲು. ಆದಕಾರಣ ಇದರಲ್ಲಿ ಕಂಡುಬರಬಹುದಾದ ಲೋಪದೋಷಗಳನ್ನು ಓದುಗರು ಮನ್ನಿಸಬೇಕೆಂದು ಆರಂಭದಲ್ಲಿಯೇ ಕೋರುತ್ತೇನೆ.

ವಿಷಯವೇನೆಂದರೆ, ರಾಜರಾಣಿಯರ ಚಲನಚಿತ್ರಗಳೆಂದರೆ ನನಗೆ ಪ್ರಾಣ. ಕಥೆ ಯಾವುದಾದರೂ ಸರಿ. ಅರಮನೆ ಇರಬೇಕು, ಮೆಟ್ಟಿಲು ಇರಬೇಕು, ಆ ಮೆಟ್ಟಿಲ ಮೇಲೆ ಜರಿಯ ಲಂಗದ ಅಂಚನ್ನು ಎಳೆಯುತ್ತ, ಕಾಲ ಕಡೆಗೆ ಒಮ್ಮೆಯೂ ನೋಡದೆ ರಾಣಿ ಇಳಿದು ಬರಬೇಕು. ದಿನವಿಡೀ ಮಕ್ಕಳ ಮೂಗು ಒರೆಸಿ, ತೂಕ ಮಾಡಿ, ಮೊಟ್ಟೆ ಬೇಯಿಸಿ ಮನೆಗೆ ಬರುವ ನನಗೆ ಆ ದೃಶ್ಯವೊಂದೇ ಸಾಕು, ಬೆನ್ನು ನೆಟ್ಟಗಾಗುತ್ತದೆ.

ಆದರೆ ಇಂಥ ಚಿತ್ರವನ್ನು ಮನೆಯವರ ಜೊತೆ ಕುಳಿತು ನೋಡುವುದು ಸಾಧ್ಯವಾಗುತ್ತಿರಲಿಲ್ಲ. ಯಜಮಾನರು ಟ್ರ್ಯಾಕ್ಟರ್ ಓಡಿಸುತ್ತಾರಾದರೂ ಅವರ ಜೀವವೆಲ್ಲ ದನಕರುಗಳಲ್ಲಿದೆ. ದಂಡು ಹೊರಟಿತೆಂದರೆ ಅವರು ಕುದುರೆಗಳನ್ನು ಮಾತ್ರ ನೋಡುತ್ತಾರೆ. ಯಾವುದು ಕುಂಟುತ್ತಿದೆ, ಯಾವುದಕ್ಕೆ ಲಾಳ ಸರಿಯಿಲ್ಲ ಎಂದು ಯುದ್ಧ ಮುಗಿಯುವವರೆಗೂ ಹೇಳುತ್ತಿರುತ್ತಾರೆ. ಅತ್ತೆಯವರಿಗೆ ತೆರೆಯ ಮೇಲೆ ಬಂದವರೆಲ್ಲ ಯಾರ ಮಗ, ಯಾರ ಸೊಸೆ ಎಂಬುದು ಅಲ್ಲಿಯೇ ಇತ್ಯರ್ಥವಾಗಬೇಕು. ಮಕ್ಕಳು ಹಾಡು ಬಂದೊಡನೆ ಮುಂದಕ್ಕೆ ಓಡಿಸುತ್ತಾರೆ. ಉಡುಗೆ ತೊಡುಗೆಗಳು ಕಣ್ತುಂಬ ಕಾಣಿಸುವುದು ಹಾಡಿನಲ್ಲಿಯೇ ಎಂಬುದನ್ನು ನಾನು ಅವರಿಗೆ ಹಲವು ಸಲ ತಿಳಿಯಪಡಿಸಿದ್ದರೂ ಪ್ರಯೋಜನವಾಗಿಲ್ಲ. ನನಗೆ ಬೇಕಾದದ್ದು ಬಹಳವೇನೂ ಅಲ್ಲ. ರಿಮೋಟ್ ನನ್ನ ಕೈಯಲ್ಲಿರಬೇಕು. ರಾಣಿಯ ಕುಪ್ಪಸದ ತೋಳು ಕಂಡ ಕೂಡಲೇ ಚಿತ್ರವನ್ನು ನಿಲ್ಲಿಸಿ, ಎದ್ದು ಹತ್ತಿರ ಹೋಗಿ, ಆ ಕಸೂತಿಯನ್ನು ನನಗೆ ಸಾಕೆನಿಸುವಷ್ಟು ಹೊತ್ತು ನೋಡಬೇಕು. ಇದು ಒಬ್ಬಳೇ ಇದ್ದರೆ ಮಾತ್ರ ಆಗುವ ಕೆಲಸ.

ಇಂಥ ಅವಕಾಶ ಕಳೆದ ವರ್ಷ ಒಂದು ಸಂಜೆ ಒದಗಿಬಂತು. ಕುಂದಗೋಳದಲ್ಲಿ ಸಂಬಂಧಿಕರ ಮನೆಯಲ್ಲಿ ನಿಶ್ಚಯ ಕಾರ್ಯವಿತ್ತು. ನಮ್ಮ ಅಂಗನವಾಡಿಯಲ್ಲಿ ಅಂದೇ ಮಕ್ಕಳ ತೂಕ ತೆಗೆಯುವುದಿದ್ದ ಪ್ರಯುಕ್ತ ನಾನು ಊರಲ್ಲಿಯೇ ಉಳಿಯಬೇಕಾಯಿತು. ಮನೆಯವರೆಲ್ಲರೂ ಬೆಳಗಿನ ಬಸ್ಸಿಗೆ ಹೊರಟರು; ಮರುದಿನವೇ ಹಿಂದಿರುಗುವವರಿದ್ದರು. ಅದೇ ವಾರ ಒಂದು ದೊಡ್ಡ ಹಿಂದಿ ಚಿತ್ರ, ಬೇಕಾದಾಗ ಹಾಕಿಕೊಂಡು ನೋಡುವಂತೆ ಟಿ.ವಿ.ಗೆ ಬಂದಿತ್ತು. ಅದರ ತುಣುಕನ್ನು ನಾನು ಮೊಬೈಲಿನಲ್ಲಿ ಬಸ್ಸಿನೊಳಗೆ ಸೆರಗು ಮರೆ ಮಾಡಿಕೊಂಡು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೆ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ರಾಣಿ, ಆಸ್ಥಾನದ ಹಿರಿಯರೆಲ್ಲ ಬೇಡವೆಂದರೂ ತಾನೇ ಸಿಂಹಾಸನವೇರುವ ಕಥೆ. ತುಣುಕಿನಲ್ಲಿ ಪಟ್ಟಾಭಿಷೇಕದ ಒಂದು ಕ್ಷಣವನ್ನಷ್ಟೇ ತೋರಿಸಿದ್ದರು: ಹಸಿರು ರೇಷ್ಮೆ, ಬಂಗಾರದ ಅಂಚು, ಮೆಟ್ಟಿಲು. ಆ ಒಂದು ಕ್ಷಣ ಪೂರ್ತಿಯಾಗಿ ಹೇಗಿರಬಹುದೆಂಬ ಯೋಚನೆಯಲ್ಲಿಯೇ ನಾನು ಅಂದು ಮಕ್ಕಳನ್ನು ತೂಕದ ಬುಟ್ಟಿಯಲ್ಲಿ ಕೂರಿಸಿ ಇಳಿಸಿದೆ.

ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಓದುಗರ ಗಮನಕ್ಕೆ ತರಬೇಕಾಗಿದೆ. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಓಣಿಯಲ್ಲಿ ಯಾರೂ ತಲೆಬಾಗಿಲು ಹಾಕುವುದಿಲ್ಲ. ಲಕ್ಷ್ಮಿ ಒಳಗೆ ಬರುವ ಸಮಯವದು. ಮನೆಯಲ್ಲಿ ಜನರಿದ್ದೂ ಬಾಗಿಲು ಹಾಕಿದೆಯೆಂದರೆ ಒಳಗೆ ಯಾರಿಗೋ ಜಡ್ಡಾಗಿದೆ ಅಥವಾ ಜಗಳವಾಗಿದೆ ಎಂದು ತಿಳಿದು, ಇಡೀ ಓಣಿ ವಿಚಾರಿಸಲು ಬರುತ್ತದೆ. ಬಾಗಿಲು ತೆರೆದಿದೆಯೆಂದರೆ ಬರಲು ಕಾರಣವೇ ಬೇಕಿಲ್ಲ, ಟಿ.ವಿ. ಸಪ್ಪಳ ಕೇಳಿದವರು ಬಂದು ಕುಳಿತೇಬಿಡುತ್ತಾರೆ. ಅಂದರೆ ಬಾಗಿಲು ಹಾಕಿದರೂ ಜನ, ತೆರೆದರೂ ಜನ.

ಈ ಸಮಸ್ಯೆಗೆ ನಾನು ಒಂದು ಪರಿಹಾರ ಕಂಡುಕೊಂಡೆ. ದೇವರ ಮುಂದೆ ದೀಪ ಹಚ್ಚಿದೆ. ಲಕ್ಷ್ಮಿಗೆ ಒಳಬರಲು ಸಾಕಷ್ಟು ಕಾಲಾವಕಾಶ ಕೊಟ್ಟೆ. ಅನಂತರ ಓಣಿಯಲ್ಲಿ ಯಾರೂ ಇಲ್ಲದ್ದನ್ನು ಖಾತ್ರಿಪಡಿಸಿಕೊಂಡು, ಹೊರಗಿನಿಂದ ಬೀಗ ಹಾಕಿ, ಮನೆಯನ್ನು ಸುತ್ತುಬಳಸಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಮನೆಯವರೆಲ್ಲ ಕುಂದಗೋಳಕ್ಕೆ ಹೋಗಿರುವುದು ಊರಿಗೇ ತಿಳಿದಿತ್ತು. ಬೀಗ ನೋಡಿದವರು ತೂಕ ಮುಗಿಸಿ ನಾನೂ ಸಂಜೆಯ ಬಸ್ಸಿಗೆ ಹೋಗಿದ್ದೇನೆಂದು ತಿಳಿಯುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲೆ ನನಗೆ ಇನ್ನೊಂದು ಹುಕಿ ಬಂತು. ನಮ್ಮ ಅಜ್ಜಿಯ ಇಳಕಲ್ ಸೀರೆ ಟ್ರಂಕಿನಲ್ಲಿತ್ತು. ಕಚ್ಚೆ ಹಾಕಿ ಉಡುವುದನ್ನು ಅಜ್ಜಿಯೇ ಕಲಿಸಿದ್ದಳು. ಅದನ್ನು ಉಟ್ಟೆ. ಅಂಗನವಾಡಿ ಮಕ್ಕಳ ವೇಷಕ್ಕೆಂದು ನವಲಗುಂದದಲ್ಲಿ ಕೊಂಡ, ಒತ್ತಿ ಹಾಕಿಕೊಳ್ಳುವ ನತ್ತು ಇತ್ತು; ಅದನ್ನೂ ಹಾಕಿಕೊಂಡೆ. ಹೆಗಲ ಮೇಲೆ ಯಜಮಾನರ ಸನ್ಮಾನದ ಶಾಲು ಬಂತು. ಒಂದು ತಾಟಿನ ತುಂಬ ಚುರುಮುರಿಯ ಗಿರ್ಮಿಟ್ ಕಲಸಿಕೊಂಡು, ನಡುಮನೆಯಲ್ಲಿ ಜಮಖಾನೆ ಹಾಸಿ, ರಿಮೋಟನ್ನು ಬಲಗೈಯಲ್ಲಿ ಹಿಡಿದು ಕುಳಿತೆ. ಸಿಂಹಾಸನದ ಮೇಲೆ ಕುಳಿತವರಿಗೂ ಅಷ್ಟು ಸುಖ ಇರಲಿಕ್ಕಿಲ್ಲ.

ಚಿತ್ರ ಆರಂಭವಾಯಿತು. ಅದನ್ನು ಹೇಗೆ ವಿವರಿಸಬೇಕೆಂದು ನನಗೆ ತಿಳಿಯುತ್ತಿಲ್ಲ. ಮೊದಲ ದೃಶ್ಯದಲ್ಲಿಯೇ ಮದುವೆ. ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ಜರಿ. ನಿಲ್ಲಿಸಿದೆ. ಹತ್ತಿರ ಹೋಗಿ ನೋಡಿದೆ. ತೋಳಿನ ಮೇಲೆ ಮಾವಿನಕಾಯಿಯ ಬಳ್ಳಿ ಹರಿದಿತ್ತು, ಪ್ರತಿ ಕಾಯಿಯ ತುದಿಗೂ ಒಂದು ಮುತ್ತು. ಮುಂದೆ ಬಿಟ್ಟೆ, ಮತ್ತೆ ನಿಲ್ಲಿಸಿದೆ. ದೀಪ ಹಿಡಿದು ನಿಂತ ದಾಸಿಯರ ಸಾಲಿನಲ್ಲಿ ಕೊನೆಯವಳನ್ನು ಯಾರೂ ನೋಡುವುದಿಲ್ಲ. ಅವಳ ಒರಟು ಹತ್ತಿಯ ಸೀರೆಗೂ ಅಂಚು ಬೇರೆ, ಕಚ್ಚೆಯ ಕಟ್ಟು ಬೇರೆ. ಅದನ್ನು ಉಡಿಸಿದವರು ಯಾರೋ ನನ್ನಂಥವರಿಗಾಗಿಯೇ ಉಡಿಸಿದ್ದಾರೆಂದು ತಿಳಿದು ಹಿಗ್ಗಿದೆ. ಹಾಡು ಬಂತು. ಪೂರ್ತಿ ನೋಡಿದೆ. ಹಿಂದಕ್ಕೆ ತಂದು ಮತ್ತೆ ನೋಡಿದೆ. ತಡೆಯುವವರು ಯಾರೂ ಇರಲಿಲ್ಲ. ಕೋಣೆಯಲ್ಲಿ ಎದ್ದು ನಿಂತು, ರಾಣಿ ತಿರುಗುವಂತೆ ನಾನೂ ತಿರುಗಿ, ಸೆರಗು ಹೇಗೆ ಬೀಳುತ್ತದೆಂದು ಪರಿಶೀಲಿಸಿದೆ.

ಯುದ್ಧದ ಭಾಗಕ್ಕೆ ಬರುವಾಗ ರಾಣಿ ಮೆಲ್ಲಗೆ ಏನೋ ಆಜ್ಞೆ ಮಾಡಿದಳು, ಕೇಳಿಸಲಿಲ್ಲ. ದನಿ ಏರಿಸಿದೆ. ಮರುಕ್ಷಣವೇ ಕತ್ತಿಗಳು ಕತ್ತಿಗಳಿಗೆ ತಾಗಿದವು. ಅರಮನೆಯ ಬಾಗಿಲು ಮುರಿಯತೊಡಗಿದರು, ಹೆಂಗಸರು ಚೀರಿದರು. ನಾನು ಗಿರ್ಮಿಟ್ ತಾಟನ್ನೂ ಮರೆತು ಕುಳಿತಿದ್ದೆ. ದನಿ ಇಳಿಸಬೇಕೆಂಬುದು ಹೊಳೆಯಲೇ ಇಲ್ಲ.

ಹಿತ್ತಲ ಬಾಗಿಲನ್ನು ಯಾರೋ ಬಡಿಗೆಯಿಂದ ಬಡಿದರು. ಮೊದಲು ಅದೂ ಚಿತ್ರದ್ದೇ ಎಂದುಕೊಂಡೆ. ಎರಡನೆಯ ಸಲ ಬಡಿದಾಗ ಚಿತ್ರವನ್ನು ನಿಲ್ಲಿಸಿದೆ. ಹೊರಗೆ ಹಲವರ ಪಿಸುಮಾತು ಕೇಳಿಸಿತು.

"ಒಳಗ ಯಾರದೀರಿ? ಸುಮ್ಮನ ಹೊರಗ ಬರ್ರಿ. ಓಡಾಕ ದಾರಿ ಇಲ್ಲ," ಎಂದಿತು ಒಂದು ದನಿ. ಎದುರಿನ ಕಿರಾಣಿ ಅಂಗಡಿಯ ಕಾಕಾ ಅವರದು.

ನನಗೆ ಆಗ ಪರಿಸ್ಥಿತಿ ಅರ್ಥವಾಯಿತು. ಮುಂದೆ ಬೀಗ, ಬೆಳಕಿಂಡಿಯಲ್ಲಿ ಕೆಂಪು ನೀಲಿ ಬೆಳಕು, ಒಳಗೆ ಪಾತ್ರೆ ಉರುಳಿದಂಥ ಸಪ್ಪಳ. ಮನೆಗೆ ಕಳ್ಳರು ಹೊಕ್ಕಿದ್ದಾರೆಂದು ಓಣಿಯೇ ಬಂದು ನಿಂತಿತ್ತು.

ಬಾಗಿಲು ತೆರೆದೆ. ಕಾಕಾ ಎತ್ತಿದ ಬಡಿಗೆಯನ್ನು ಇಳಿಸಲು ಮರೆತು ನನ್ನ ನತ್ತನ್ನೇ ನೋಡಿದರು. ಅವರ ಹಿಂದೆ ಓಣಿಯ ಐದಾರು ಹೆಂಗಸರು, ಅವರ ಹಿಂದೆ ಬಾಜು ಮನೆಯ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ. ಈ ಖಾಲಾ ಜಮಖಾನೆ ನೇಯುವವರು. ಕೈಯಲ್ಲಿ ನೂಲು ಬಡಿಯುವ ಮಗ್ಗದ ಪಣಿಗೆಯನ್ನೇ ಆಯುಧವಾಗಿ ಹಿಡಿದು ಬಂದಿದ್ದರು.

"ನಾನ ಅದೀನ್ರಿ ಕಾಕಾ," ಎಂದೆ.

"ಮುಂದ ಕೀಲಿ ಹಾಕೇತಲ್ಲ?"

"ನಾನ ಹಾಕೀನ್ರಿ."

"ಒಳಗ ಕುಂತು ಹೊರಗ ಕೀಲಿ ಹಾಕ್ಕೊಂಡೀಯಾ? ಅದೂ ದೀಪಾ ಹಚ್ಚೂ ಹೊತ್ತಿನಿಂದ? ಯಾಕವಾ, ಆರಾಮದೀ ಇಲ್ಲೋ?"

ಆ ಕ್ಷಣದಲ್ಲಿ ನನ್ನ ಸಂಜೆಯೆಲ್ಲ ಒಂದು ಉತ್ತರದ ಮೇಲೆ ನಿಂತಿತ್ತು. ತಲೆನೋವು ಎಂದರೆ ಹೆಂಗಸರೆಲ್ಲ ಒಳಗೆ ಬಂದು ಕಷಾಯ ಕಾಯಿಸಿ, ನಾನು ಮಲಗುವವರೆಗೂ ಕೂರುತ್ತಿದ್ದರು. ಒಬ್ಬಳೇ ಅಂಜಿದೆ ಎಂದರೆ ಯಾರಾದರೂ ಹಾಸಿಗೆ ತಂದು ಇಲ್ಲಿಯೇ ಮಲಗುತ್ತಿದ್ದರು. ನಿಜ ಹೇಳಿದರೆ ನಗುತ್ತಿದ್ದರು. ನಕ್ಕವರು ಕೊನೆಗೊಮ್ಮೆ ಮನೆಗೆ ಹೋಗುತ್ತಾರೆಂದು ಆಲೋಚಿಸಿ ನಿಜವನ್ನೇ ನಿವೇದಿಸಿದೆ.

"ಸಿನಿಮಾ ನೋಡಾಕತ್ತೀನ್ರಿ. ರಾಣಿದು. ಒಬ್ಬಾಕಿನ ಕುಂತು ನೋಡಬೇಕಂತ ಭಾಳ ದಿನದಿಂದ ಆಸೆ ಇತ್ರಿ."

ಎಣಿಸಿದಂತೆ ನಕ್ಕರು. ನನ್ನ ಕಚ್ಚೆ, ಶಾಲು, ಗಿರ್ಮಿಟ್ ತಾಟು ಒಂದೊಂದನ್ನೂ ಬೇರೆಬೇರೆಯಾಗಿ ನೋಡಿ ನಕ್ಕರು. ರಾಣಿ ಸಾಹೇಬರಿಗೆ ಚಾಮರ ಬೀಸುವವರು ಬೇಕೇನು ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ನನ್ನ ನೆರಿಗೆಯನ್ನು ಹಿಡಿದು ನೋಡಿ, ಅಗದಿ ಚಲೋ ಉಟ್ಟಿದ್ದೀ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಆದರೆ ನಾನು ಹೆದರಿದ್ದ ಮಾತು ನಗುವಿನ ಬೆನ್ನಿಗೇ ಬಂತು. ಇಷ್ಟು ದೂರ ಬಂದಾಗಿದೆ, ನಾವೂ ಒಂದಿಷ್ಟು ನೋಡಿಯೇ ಹೋಗೋಣ ಎಂದು ಚಪ್ಪಲಿ ಬಿಡತೊಡಗಿದರು. ನಾನು ಬೇಡವೆನ್ನಲು ಬಾಯಿ ತೆರೆದೆ; ಮನೆಗೆ ಬಂದವರನ್ನು ಹೋಗಿರಿ ಎನ್ನುವ ಮಾತು ನಮ್ಮಲ್ಲಿ ಹೊರಡುವುದಿಲ್ಲ, ಹೊರಡಲಿಲ್ಲ.

ಖಾಲಾ ಇನ್ನೂ ನಕ್ಕಿರಲಿಲ್ಲ. ಅವರು ಬಾಗಿಲಿನಿಂದಲೇ ಟಿ.ವಿ.ಯ ಮೇಲೆ ನಿಂತುಹೋಗಿದ್ದ ರಾಣಿಯನ್ನು, ಆಮೇಲೆ ನನ್ನನ್ನು ನೋಡಿದರು.

"ಇನ್ನ ಎಷ್ಟ ಉಳದೈತಿ ಬೇಟಿ?"

"ಅರ್ಧಾ ಉಳದೈತ್ರಿ ಖಾಲಾ. ಪಟ್ಟಾಭಿಷೇಕ ಆಗೂದೈತಿ."

ಖಾಲಾ ಚಪ್ಪಲಿ ಬಿಡುತ್ತಿದ್ದವರ ಕಡೆಗೆ ತಿರುಗಿದರು. "ಹಾಕ್ಕೋರಿ ಚಪ್ಪಲ್. ನಾ ಮಗ್ಗಕ್ಕ ಕುಂತಾಗ ಯಾರರ ಬಂದು ಮಾತಾಡಿಸಿದ್ರ ನಾ ನೇಯೂ ಹೂ ಹಾಳಾಗತೈತಿ. ಆಕಿದೂ ಹಂಗ. ಹೋಗೂಣು ನಡೀರಿ."

"ಮತ್ತ ಕೀಲಿ?" ಎಂದರು ಕಾಕಾ. "ಒಳಗ ಮಂದಿ ಇದ್ದೂ ಬಾಗಲಾ ಹಾಕಿದ್ರ ಚಲೋ ಅಲ್ಲ. ನಾಳೆ ಇವರ ಅತ್ತಿ ಬಂದು ನನಗ ಕೇಳ್ತಾಳ."

"ಬಾಗಲಾ ತಗೀರಿ. ನಾ ಕಟ್ಟಿ ಮ್ಯಾಲ ಕುಂದರತೀನಿ," ಎಂದರು ಖಾಲಾ.

ಅದರಂತೆಯೇ ಕ್ರಮ ಜರುಗಿತು. ನಾನು ಬೀಗದ ಕೈ ಕೊಟ್ಟೆ. ಕಾಕಾ ಸುತ್ತು ಹೋಗಿ ಬೀಗ ತೆಗೆದು, ಎರಡೂ ಕದಗಳನ್ನು ಅಗಲವಾಗಿ ತೆರೆದು, ಬಡಿಗೆ ಊರಿಕೊಂಡು ಅಂಗಡಿಗೆ ಹೋದರು. ಹೆಂಗಸರು ಕಥೆಯನ್ನು ನಾಳೆ ಹೇಳಲೇಬೇಕೆಂಬ ಷರತ್ತು ಹಾಕಿ ಚದುರಿದರು. ಖಾಲಾ ನಮ್ಮ ಮುಂದಿನ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ, ಓಣಿಗೆ ಮುಖ ಮಾಡಿ ಕುಳಿತು, ಮಡಿಲಿನಲ್ಲಿ ಬಣ್ಣದ ನೂಲು ಬಿಡಿಸತೊಡಗಿದರು. ಒಳಗೆ ಬನ್ನಿ ಎಂದು ನಾನು ಕರೆದೆ. ಅವರು ತಿರುಗದೆಯೇ, ನಾನು ಬಂದರೆ ನೀನು ನನಗೆ ಚಹಾ ಕಾಯಿಸುತ್ತೀ, ಸುಮ್ಮನೆ ಕೂತು ನೋಡು ಎಂದುಬಿಟ್ಟರು.

ನಾನು ಮತ್ತೆ ಕುಳಿತೆ. ಗಿರ್ಮಿಟ್ ಮೆತ್ತಗಾಗಿತ್ತು, ಅದರ ಪರಿವೆಯೂ ನನಗಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಇಷ್ಟು ಅಗಲವಾಗಿ ತೆರೆದ ಬಾಗಿಲಿನ ಒಳಗೆ ನಾನು ಇಷ್ಟು ಒಬ್ಬಳಾಗಿ ಕುಳಿತಿರಲಿಲ್ಲ. ಯುದ್ಧ ಮುಗಿಯಿತು. ಬಿಳಿಯ ಸೀರೆಯ ರಾಣಿ ಆಸ್ಥಾನದ ಹಿರಿಯರ ಮುಂದೆ ತಲೆ ಎತ್ತಿ ಮಾತಾಡಿದಳು. ದಾಸಿಯರು ಪೆಟ್ಟಿಗೆ ತೆರೆದರು. ಹಸಿರು ರೇಷ್ಮೆ ಹೊರಬಂದಾಗ ನಾನು ಜಮಖಾನೆಯ ತುದಿಗೆ ಸರಿದು ರಿಮೋಟನ್ನು ಎತ್ತಿ ಹಿಡಿದೆ.

ಅಷ್ಟರಲ್ಲಿ ಹೊರಗೆ ಯಾರೋ ಬಂದರು. ಅಂಗನವಾಡಿ ಅಕ್ಕಾರು ಇದ್ದಾರೇನು, ಮಗುವಿನ ತೂಕ ಎಷ್ಟು ಬಂತೆಂದು ಕೇಳಬೇಕಿತ್ತು ಎಂಬ ಮಾತು ಕೇಳಿಸಿತು. ನಾನು ಏಳಲು ಹೊರಟೆ.

"ಒಳಗ ಪಟ್ಟಾಭಿಷೇಕ ನಡದೈತವಾ," ಎಂದರು ಖಾಲಾ, ಯಾವ ಅವಸರವೂ ಇಲ್ಲದೆ. "ಮುಂಜಾನೆ ಬಾ."

ಬಂದವಳು ಹೌದ್ರಿ ಎಂದು ಹೋದಳು. ತೆರೆಯ ಮೇಲೆ ಕಹಳೆ ಮೊಳಗಿತು. ರಾಣಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು, ಜರಿಯ ಅಂಚು ಅವಳ ಹಿಂದೆ ನಿಧಾನವಾಗಿ ಹರಿಯಿತು. ನಾನು ಅಲ್ಲಿ ನಿಲ್ಲಿಸಿ, ಎದ್ದು, ಹತ್ತಿರ ಹೋಗಿ ನೋಡತೊಡಗಿದೆ.